ಒಬ್ಬೊಬ್ಬರೇ ದುಡಿಯುತ್ತಿರುವ ಗ್ರಂಥಪಾಲಕರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಪಂಚಾಯಿತಿ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ, ನಗರ ಮತ್ತು ಜಿಲ್ಲಾ ಕೇಂದ್ರ ಗ್ರಂಥಾಲಯಗಳಲ್ಲಿ, ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಪುಸ್ತಕ ಮತ್ತು ಓದುಗರ ನಡುವೆ ದುಡಿಯುತ್ತಿರುವ ಆತ್ಮೀಯರೇ,



ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ನಿಮ್ಮಲ್ಲಿ ಹಲವರು ವೃತ್ತಿ ಸಂಘದ ಸದಸ್ಯರಲ್ಲ ಎಂಬುದು ಗೊತ್ತು. ಸದಸ್ಯರಾದವರಲ್ಲೂ ಅನೇಕರಿಗೆ ಅದು ವರ್ಷಕ್ಕೊಂದು ರಸೀದಿ, ಎರಡು ವರ್ಷಕ್ಕೊಂದು ಸಮ್ಮೇಳನ, ಅಷ್ಟೇ. ಅದು ಅಷ್ಟಕ್ಕೇ ನಿಲ್ಲಬಾರದೆಂದು, ಅದಕ್ಕಿಂತ ಬಹಳ ದೊಡ್ಡದು ನಮ್ಮ ಕೈಯಿಂದ ಆಗಬಹುದೆಂದು ಹೇಳಲು ಈ ಪತ್ರ.

ಶಾಲೆಯಲ್ಲಿ ಒಬ್ಬ ಮೇಷ್ಟರಿಗೆ ಇನ್ನೊಬ್ಬ ಮೇಷ್ಟರ ಜೊತೆಯಿರುತ್ತದೆ. ಆಸ್ಪತ್ರೆಯಲ್ಲಿ ನರ್ಸ್‌ಗೆ ಇನ್ನೊಬ್ಬ ನರ್ಸ್, ಕಚೇರಿಯಲ್ಲಿ ಗುಮಾಸ್ತರಿಗೆ ಪಕ್ಕದ ಮೇಜಿನ ಗುಮಾಸ್ತರು. ನಮ್ಮಲ್ಲಿ ಹೆಚ್ಚಿನವರಿಗೆ ಅಂಥ ಜೊತೆಯಿಲ್ಲ. ಪಂಚಾಯಿತಿ ಗ್ರಂಥಾಲಯದಲ್ಲಿ ಬಾಗಿಲು ತೆಗೆಯುವವರು, ಕಸ ಗುಡಿಸುವವರು, ಪತ್ರಿಕೆ ಜೋಡಿಸುವವರು, ಪುಸ್ತಕ ಕೊಡುವವರು, ಮಕ್ಕಳಿಗೆ ಕಥೆ ಹೇಳುವವರು ಎಲ್ಲ ಒಬ್ಬರೇ. ಕಾಲೇಜಿನಲ್ಲೂ ಇಡೀ ಸಂಸ್ಥೆಗೆ ಒಬ್ಬರು ಗ್ರಂಥಪಾಲಕರು, ಬಹಳವೆಂದರೆ ಜೊತೆಗೊಬ್ಬ ಅಟೆಂಡರ್. ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶ ಕೈಕೊಟ್ಟರೆ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಕೇಳಿದ ಅಂಕಿಅಂಶ ಹೇಗೆ ಕೊಡಬೇಕೆಂದು ತಿಳಿಯದಿದ್ದರೆ, ಆಡಿಟ್‌ನವರು ಆಕ್ಷೇಪ ಎತ್ತಿದರೆ, ಅದೇ ಕೆಲಸ ಬಲ್ಲ ಇನ್ನೊಬ್ಬರು ಆ ಕಟ್ಟಡದಲ್ಲಿ ಇರುವುದಿಲ್ಲ. ಪ್ರಾಂಶುಪಾಲರಿಗಾಗಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಾಗಲಿ ನಮ್ಮ ಕೆಲಸದ ಒಳಗು ತಿಳಿದಿರುವುದಿಲ್ಲ. ಅದು ಅವರ ತಪ್ಪೂ ಅಲ್ಲ.

ಆದ್ದರಿಂದ ಬೇರೆ ವೃತ್ತಿಯವರಿಗಿಂತ ನಮಗೆ ಸಂಘದ ಅಗತ್ಯ ಹೆಚ್ಚು. ಒಂಟಿಯಾಗಿ ದುಡಿಯುವವರಿಗೆ ಸಹೋದ್ಯೋಗಿಗಳನ್ನು ಕೊಡುವುದು ಸಂಘವೇ.

ಚರಿತ್ರೆಯಲ್ಲಿ ಇದಕ್ಕೆ ಆಧಾರ ಬೇಕಾದಷ್ಟಿದೆ, ಮತ್ತು ಆ ಚರಿತ್ರೆ ನಮ್ಮ ನೆಲವನ್ನೂ ಹಾದುಹೋಗಿದೆ. 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು ಎಲ್ಲರಿಗೂ ಗೊತ್ತು. ಅದೇ ಸಂದರ್ಭದಲ್ಲಿ ಅದೇ ಊರಿನಲ್ಲಿ ಅಖಿಲ ಭಾರತ ಸಾರ್ವಜನಿಕ ಗ್ರಂಥಾಲಯ ಸಮ್ಮೇಳನವೂ ನಡೆಯಿತು. ಅದರ ಅಧ್ಯಕ್ಷರು ದೇಶಬಂಧು ಚಿತ್ತರಂಜನ ದಾಸ್. ಸ್ವಾತಂತ್ರ್ಯ ಹೋರಾಟದ ಕಾವಿನ ನಡುವೆಯೂ ಗ್ರಂಥಾಲಯಕ್ಕೆಂದು ಪ್ರತ್ಯೇಕ ಸಭೆ ಸೇರಬೇಕು ಅನ್ನಿಸಿತ್ತು ಆ ಹಿರಿಯರಿಗೆ. ಮರುವರ್ಷ ಬಂಗಾಳದಲ್ಲಿ ಗ್ರಂಥಾಲಯ ಸಂಘ ಹುಟ್ಟಿತು. ರವೀಂದ್ರನಾಥ ಠಾಕೂರರು ಅದರ ಮೊದಲ ಅಧ್ಯಕ್ಷರಾದರು. ಅದಕ್ಕೂ ಮೊದಲೇ, 1914ರಲ್ಲಿ, ವಿಜಯವಾಡದಲ್ಲಿ ಆಂಧ್ರದವರು ತಮ್ಮ ಗ್ರಂಥಾಲಯ ಸಂಘ ಕಟ್ಟಿಕೊಂಡಿದ್ದರು. 1933ರಲ್ಲಿ ಕಲ್ಕತ್ತದಲ್ಲಿ ಭಾರತೀಯ ಗ್ರಂಥಾಲಯ ಸಂಘ ಸ್ಥಾಪನೆಯಾಯಿತು.

ಇವೆಲ್ಲದರಲ್ಲಿ ನಾವು ಗಮನವಿಟ್ಟು ನೋಡಬೇಕಾದದ್ದು ಮದ್ರಾಸ್ ಗ್ರಂಥಾಲಯ ಸಂಘವನ್ನು. ಎಸ್.ಆರ್. ರಂಗನಾಥನ್ ಗಣಿತದ ಅಧ್ಯಾಪಕರಾಗಿದ್ದವರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಲಂಡನ್‌ಗೆ ಹೋಗಿ ಗ್ರಂಥಾಲಯ ವಿಜ್ಞಾನ ಕಲಿತು ಬಂದರು. ಊರಿಗೆ ಮರಳಿದವರು ತಮ್ಮ ಗ್ರಂಥಾಲಯವೊಂದನ್ನೇ ಚೆನ್ನಾಗಿಟ್ಟುಕೊಂಡು ಸುಮ್ಮನಿರಬಹುದಿತ್ತು. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಹುಟ್ಟಿದಾಗ ಅವರು ಅದರ ಕಾರ್ಯದರ್ಶಿಯಾದರು. ಮರುವರ್ಷವೇ ಸಂಘ ಬೇಸಿಗೆ ತರಬೇತಿ ಶಾಲೆ ತೆರೆಯಿತು. ಎರಡು ವರ್ಷದಲ್ಲಿ ವಿಶ್ವವಿದ್ಯಾಲಯ ಆ ಶಾಲೆಯನ್ನು ತನ್ನದಾಗಿಸಿಕೊಂಡಿತು. ಇಂದು ನಾವು ಪಡೆಯುವ ಬಿ.ಲಿಬ್, ಎಂ.ಲಿಬ್ ಪದವಿಗಳ ಬೇರು ಅಂಥ ಶಾಲೆಗಳಲ್ಲಿದೆ. ರಂಗನಾಥನ್ ಅವರ ಗ್ರಂಥಾಲಯ ವಿಜ್ಞಾನದ ಪಂಚ ಸೂತ್ರಗಳ ಪುಸ್ತಕವನ್ನು 1931ರಲ್ಲಿ ಪ್ರಕಟಿಸಿದ್ದು ಅದೇ ಸಂಘ. 1933ರಲ್ಲಿ ಅವರ ಕೋಲನ್ ವರ್ಗೀಕರಣ ಪದ್ಧತಿಯನ್ನು ಹೊರತಂದದ್ದೂ ಅದೇ ಸಂಘ. ಪರೀಕ್ಷೆಗೆಂದು ನಾವೆಲ್ಲ ಉರು ಹೊಡೆದ ಪುಸ್ತಕಗಳು ಒಂದು ವೃತ್ತಿ ಸಂಘದ ಪ್ರಕಟಣೆಗಳು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ?

ಆ ಚಳವಳಿಯ ಹುರುಪಿನಲ್ಲೇ 1931ರ ಅಕ್ಟೋಬರ್‌ನಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಸಂಚಾರಿ ಗ್ರಂಥಾಲಯ ಹೊರಟಿತು. ಕನಕಸಭೈ ಪಿಳ್ಳೈ ಎಂಬ ಎಂಜಿನಿಯರ್ ಅದನ್ನು ರೂಪಿಸಿದ್ದರು. ಗಾಡಿಯ ತುಂಬ ತಮಿಳು ಪುಸ್ತಕಗಳು, ಹಳ್ಳಿಯಿಂದ ಹಳ್ಳಿಗೆ ಪಯಣ. ರಂಗನಾಥನ್ 1930ರಲ್ಲಿ ಮಾದರಿ ಗ್ರಂಥಾಲಯ ಮಸೂದೆಯೊಂದನ್ನು ಸಿದ್ಧಪಡಿಸಿದರು. ಅದನ್ನು ಕಾಯ್ದೆಯಾಗಿಸಲು ಅವರೂ ಸಂಘವೂ ಪಟ್ಟುಬಿಡದೆ ಪ್ರಯತ್ನಿಸಿದ ಫಲವಾಗಿ 1948ರಲ್ಲಿ ಮದ್ರಾಸ್ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂತು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ ಅದು. ಸಂಘ ಹುಟ್ಟಿದ್ದಕ್ಕೂ ಕಾಯ್ದೆ ಬಂದದ್ದಕ್ಕೂ ನಡುವೆ ಇಪ್ಪತ್ತು ವರ್ಷ. ಒಬ್ಬ ನೌಕರ ವರ್ಗವಾಗಿ ಹೋಗುತ್ತಾನೆ, ನಿವೃತ್ತನಾಗುತ್ತಾನೆ. ಇಪ್ಪತ್ತು ವರ್ಷ ಒಂದೇ ಬೇಡಿಕೆಯನ್ನು ಹಿಡಿದು ನಿಲ್ಲುವ ಶಕ್ತಿ ಸಂಘಕ್ಕೆ ಮಾತ್ರ ಇರುತ್ತದೆ.

ಆ ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಅಲ್ಲಿ ದಸ್ತಾವೇಜು ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು, ನಾವು ಡಿಆರ್‌ಟಿಸಿ ಎನ್ನುವುದನ್ನು, ಕಟ್ಟಿದರು. ಅವರು ಇಲ್ಲಿದ್ದ ಕಾಲದಲ್ಲೇ, 1965ರಲ್ಲಿ, ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂತು. ಮರುವರ್ಷ ಜಾರಿಯಾಯಿತು. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲು ಮಾಡುವ ಅಧಿಕಾರ, ಜಿಲ್ಲೆ ಜಿಲ್ಲೆಗೆ ಕೇಂದ್ರ ಗ್ರಂಥಾಲಯ, ಪ್ರತ್ಯೇಕ ಇಲಾಖೆ, ಎಲ್ಲವೂ ಆ ಕಾಯ್ದೆಯ ಫಲ. ದೇಶದ ಎಷ್ಟೋ ರಾಜ್ಯಗಳಲ್ಲಿ ಕಾಯ್ದೆಯೇ ಇಲ್ಲದ ಕಾಲದಲ್ಲಿ ನಮಗೆ ಕಾಯ್ದೆ ಸಿಕ್ಕಿತು. ಕಾಯ್ದೆ ಸಿಕ್ಕಿದ ಮೇಲೆ ಅದನ್ನು ಕಾಯುವವರು ಬೇಕಲ್ಲ, ಆ ಕೆಲಸ ಯಾರದು?

ಗ್ರಂಥಾಲಯ ಕರದ ವಿಷಯವನ್ನೇ ನೋಡಿ. ತೆರಿಗೆಯ ಮೇಲೆ ಶೇಕಡ 6ರಷ್ಟು ಕರವನ್ನು ಜನ ಕಟ್ಟುತ್ತಾರೆ. ಸ್ಥಳೀಯ ಸಂಸ್ಥೆಗಳು ಅದನ್ನು ವಸೂಲು ಮಾಡಿ ಗ್ರಂಥಾಲಯಕ್ಕೆ ವರ್ಗಾಯಿಸಬೇಕು. ಹಲವೆಡೆ ಅದು ಪೂರ್ತಿ ಬರುವುದಿಲ್ಲ, ಬಂದರೂ ತಡವಾಗಿ ಬರುತ್ತದೆ. ಬಾಕಿಯ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಇಲಾಖೆಯ ಒಬ್ಬ ಅಧಿಕಾರಿ ಪತ್ರದ ಮೇಲೆ ಪತ್ರ ಬರೆಯಬಹುದು, ಅದಕ್ಕಿಂತ ಹೆಚ್ಚೇನೂ ಮಾಡಲಾರರು. ಸರ್ಕಾರಿ ನೌಕರರು ಸರ್ಕಾರದ ಇನ್ನೊಂದು ಅಂಗದ ವಿರುದ್ಧ ಬಹಿರಂಗವಾಗಿ ಮಾತಾಡುವಂತಿಲ್ಲ. ಸಂಘ ಮಾತಾಡಬಹುದು. ಯಾವ ನಗರದಲ್ಲಿ ಎಷ್ಟು ಕರ ವಸೂಲಾಯಿತು, ಎಷ್ಟು ಗ್ರಂಥಾಲಯಕ್ಕೆ ತಲುಪಿತು ಎಂಬುದನ್ನು ಮಾಹಿತಿ ಹಕ್ಕಿನಡಿ ಪಡೆದು, ವರ್ಷಕ್ಕೊಮ್ಮೆ ಜನರ ಮುಂದಿಡುವುದು ಒಂದು ಒಳ್ಳೆಯ ಸಂಘ ಸುಲಭವಾಗಿ ಮಾಡಬಹುದಾದ ಕೆಲಸ. ಅದು ಓದುಗರ ಹಣ. ಅದರ ಲೆಕ್ಕ ಕೇಳುವುದು ನಮ್ಮ ಕರ್ತವ್ಯ.

ನೌಕರರ ಸಂಘಕ್ಕೂ ವೃತ್ತಿ ಸಂಘಕ್ಕೂ ಇರುವ ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡುತ್ತೇನೆ. ಎರಡೂ ಬೇಕು. ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರು ದಶಕಗಳ ಕಾಲ ತೀರ ಕಡಿಮೆ ಗೌರವಧನಕ್ಕೆ ದುಡಿದರು. ಅವರ ಗೌರವಧನ ಏರಿದ್ದರೆ, ಕನಿಷ್ಠ ವೇತನದ ಮಾತು ಸರ್ಕಾರದ ಕಿವಿಗೆ ಬಿದ್ದಿದ್ದರೆ, ಅದು ಅವರು ಒಗ್ಗಟ್ಟಾಗಿ ಕೇಳಿದ್ದರಿಂದ. ಆ ಹೋರಾಟವನ್ನು ಯಾರೂ ಹಗುರವಾಗಿ ಕಾಣಬಾರದು. ಹೊಟ್ಟೆ ತುಂಬದ ಮನುಷ್ಯನಿಗೆ ಸೇವಾಭಾವದ ಉಪದೇಶ ಮಾಡುವುದು ಅನ್ಯಾಯ. ಆದರೆ ಸಂಬಳದ ಹೋರಾಟ ಒಂದೊಂದು ವೃಂದದವರನ್ನು ಒಂದೊಂದು ಕಡೆ ನಿಲ್ಲಿಸುತ್ತದೆ. ಸರ್ಕಾರಿ ಕಾಲೇಜಿನವರು, ಅನುದಾನಿತ ಕಾಲೇಜಿನವರು, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜಿನವರು, ಇಲಾಖೆಯವರು, ಪಂಚಾಯಿತಿಯವರು, ಎಲ್ಲರ ಬೇಡಿಕೆಯೂ ಬೇರೆ ಬೇರೆ. 2019ರಲ್ಲಿ 5,700ಕ್ಕೂ ಹೆಚ್ಚು ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದ ಮೇಲೆ ಈ ಅಂತರ ಇನ್ನೂ ಹೆಚ್ಚಾಯಿತು. ಒಂದೇ ಊರಿನ ಕಾಲೇಜು ಗ್ರಂಥಪಾಲಕರಿಗೂ ಅರಿವು ಕೇಂದ್ರದ ಮೇಲ್ವಿಚಾರಕರಿಗೂ ಪರಿಚಯವೇ ಇರದ ಸ್ಥಿತಿ ಇದೆ. ಇವರಿಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಬಲ್ಲದ್ದು ವೃತ್ತಿ ಸಂಘ, ಏಕೆಂದರೆ ಅಲ್ಲಿ ಚರ್ಚೆಯಾಗುವುದು ಓದುಗ ಮತ್ತು ಪುಸ್ತಕ. ಅದರಲ್ಲಿ ವೃಂದದ ಭೇದವಿಲ್ಲ.

ನಮ್ಮ ಕೆಲಸದ ತಿರುಳಿಗೇ ಬರೋಣ. ಕನ್ನಡ ಪುಸ್ತಕಗಳ ಸೂಚೀಕರಣದಲ್ಲಿ ಒಂದು ಗ್ರಂಥಾಲಯಕ್ಕೂ ಇನ್ನೊಂದಕ್ಕೂ ಹೊಂದಿಕೆಯಿಲ್ಲ. ಕುವೆಂಪು ಒಂದು ಕಡೆ ಕುವೆಂಪು, ಇನ್ನೊಂದು ಕಡೆ ಪುಟ್ಟಪ್ಪ ಕೆ.ವಿ. ಬೇಂದ್ರೆಯವರ ಕೆಲವು ಪುಸ್ತಕ ಅಂಬಿಕಾತನಯದತ್ತರ ಹೆಸರಿನಲ್ಲಿ, ಕೆಲವು ದ.ರಾ. ಬೇಂದ್ರೆಯವರ ಹೆಸರಿನಲ್ಲಿ. ಶ್ರೀರಂಗರೂ ಆದ್ಯ ರಂಗಾಚಾರ್ಯರೂ ಒಬ್ಬರೇ ಎಂದು ಗಣಕಯಂತ್ರಕ್ಕೆ ಯಾರೂ ಹೇಳಿಲ್ಲ. ವಿನಾಯಕ ಎಂದು ಹುಡುಕಿದ ವಿದ್ಯಾರ್ಥಿಗೆ ವಿ.ಕೃ. ಗೋಕಾಕರ ಪುಸ್ತಕ ಸಿಗುವುದಿಲ್ಲ. ಮಾಸ್ತಿ ಎನ್ನುವುದು ಊರು, ಕಾರಂತ ಎನ್ನುವುದು ಮನೆತನದ ಹೆಸರು. ಎ.ಎನ್. ಮೂರ್ತಿರಾವ್ ಅವರಂಥವರಿಗೆ ಮುಂದಿರುವುದು ಇನಿಷಿಯಲ್‌ಗಳು ಮಾತ್ರ. ಹೆಸರಿಡುವ ಈ ಬಗೆಗಳಿಗೆಲ್ಲ ಪಶ್ಚಿಮದ ನಿಯಮ ಸರಿಹೊಂದುವುದಿಲ್ಲ. ಹಾಗಾಗಿ ಪ್ರತಿಯೊಬ್ಬ ಗ್ರಂಥಪಾಲಕರೂ ತಮಗೆ ತೋಚಿದಂತೆ ನಮೂದಿಸುತ್ತಾರೆ. ಎಲ್ಲರೂ ಶ್ರದ್ಧೆಯಿಂದಲೇ ಮಾಡಿದರೂ ಒಟ್ಟಾರೆ ಫಲ ಗೊಂದಲ.

ವರ್ಗೀಕರಣದಲ್ಲೂ ಅಷ್ಟೇ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಒಂದು ಮೂಲೆ ಇದೆ. ವಚನಗಳನ್ನು ಅಲ್ಲಿ ಕಾವ್ಯವೆಂದು ಇಡಬೇಕೆ, ಇಲ್ಲವೇ ಧರ್ಮದ ಕಪಾಟಿಗೆ ಕಳಿಸಬೇಕೆ? ದಾಸರ ಕೀರ್ತನೆಗಳು ಎಲ್ಲಿ, ಸರ್ವಜ್ಞನ ತ್ರಿಪದಿ ಎಲ್ಲಿ, ಯಕ್ಷಗಾನ ಪ್ರಸಂಗಗಳು ನಾಟಕವೋ ಕಾವ್ಯವೋ ಜಾನಪದವೋ? ಅಕ್ಕಮಹಾದೇವಿಯ ವಚನಗಳು ಒಂದು ಊರಿನ ಗ್ರಂಥಾಲಯದಲ್ಲಿ ಒಂದು ಕಡೆ, ಪಕ್ಕದ ಊರಿನಲ್ಲಿ ಇನ್ನೊಂದು ಕಡೆ ಇದ್ದರೆ ಓದುಗ ಏನು ಮಾಡಬೇಕು? ಭಾರತದ ವಿಷಯಗಳಿಗೆ ಪಶ್ಚಿಮದ ಪದ್ಧತಿ ಸಾಲದು ಎಂದು ಕಂಡು ರಂಗನಾಥನ್ ಹೊಸ ಪದ್ಧತಿಯನ್ನೇ ಕಟ್ಟಿದರು. ನಾವು ಅಷ್ಟು ದೂರ ಹೋಗಬೇಕಿಲ್ಲ. ಕನ್ನಡ ಬಲ್ಲ ಹತ್ತು ಜನ ಗ್ರಂಥಪಾಲಕರು, ಇಬ್ಬರು ಸಾಹಿತ್ಯ ವಿದ್ವಾಂಸರು ಕೂತು ಲೇಖಕರ ಅಧಿಕೃತ ಹೆಸರುಗಳ ಪಟ್ಟಿ, ಕನ್ನಡ ಪ್ರಕಾರಗಳ ವರ್ಗ ಸಂಖ್ಯೆಗಳ ಕೈಪಿಡಿ ಸಿದ್ಧಪಡಿಸಿದರೆ ಸಾಕು. ಅದನ್ನು ಒಪ್ಪಿಕೊಳ್ಳುವ, ತಿದ್ದುವ, ವರ್ಷ ವರ್ಷ ಬೆಳೆಸುವ ಹೊಣೆಯನ್ನು ಸಂಘ ಹೊರಬೇಕು. ಇದನ್ನು ಸರ್ಕಾರದ ಆದೇಶವೊಂದರಿಂದ ಮಾಡಲಾಗುವುದಿಲ್ಲ. ಕೆಲಸ ಬಲ್ಲವರ ಒಪ್ಪಂದದಿಂದ ಮಾತ್ರ ಆಗುತ್ತದೆ.

ಇನ್ನು ನಮ್ಮ ನಿದ್ದೆ ಕೆಡಿಸುವ ವಿಷಯ, ಕಳೆದುಹೋದ ಪುಸ್ತಕ. ನಿವೃತ್ತಿ ಹತ್ತಿರ ಬಂದಂತೆ ಸ್ಟಾಕ್ ವೆರಿಫಿಕೇಷನ್ ನೆನೆದು ಕಂಗಾಲಾಗುವ ಗ್ರಂಥಪಾಲಕರು ಎಷ್ಟೋ ಜನ. ಪುಸ್ತಕ ಕಾಣೆಯಾದರೆ ತಮ್ಮ ಜೇಬಿನಿಂದ ಕಟ್ಟಬೇಕಾದೀತೆಂಬ ಭಯಕ್ಕೆ ಕಪಾಟಿಗೆ ಬೀಗ ಹಾಕುವವರಿದ್ದಾರೆ. ಬೀಗ ಹಾಕಿದ ಕಪಾಟಿನಿಂದ ನಷ್ಟವಾಗುವುದು ಓದುಗನಿಗೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಈ ಬಗ್ಗೆ ಸ್ಪಷ್ಟ ಮಾತಿದೆ. ವರ್ಷದಲ್ಲಿ ಎರವಲು ಕೊಟ್ಟ ಮತ್ತು ಓದಿಗೆ ಬಳಕೆಯಾದ ಪ್ರತಿ ಸಾವಿರ ಸಂಪುಟಕ್ಕೆ ಐದು ಸಂಪುಟ ಕಾಣೆಯಾದರೆ, ಅದರಲ್ಲಿ ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ, ಆ ನಷ್ಟವನ್ನು ಸಹಜವೆಂದು ಪರಿಗಣಿಸಬಹುದು. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಅಪರೂಪದ ಪುಸ್ತಕ ಕಾಣೆಯಾದರೆ ಮಾತ್ರ ತನಿಖೆ ಕಡ್ಡಾಯ. 20,000 ಸಂಪುಟಗಳವರೆಗಿನ ಗ್ರಂಥಾಲಯದಲ್ಲಿ ವರ್ಷಕ್ಕೊಮ್ಮೆ ಪೂರ್ಣ ಪರಿಶೀಲನೆ, 20,000ದಿಂದ 50,000ದವರೆಗೆ ಮೂರು ವರ್ಷಕ್ಕೊಮ್ಮೆಯಾದರೂ ಪರಿಶೀಲನೆ ಎಂದು ನಿಗದಿಯಾಗಿದೆ.

ಈ ನಿಯಮ ಇದೆಯೆಂದು ತಿಳಿದವರು ಆಡಿಟರ್ ಮುಂದೆ ಒಂದು ರೀತಿ ಮಾತಾಡುತ್ತಾರೆ, ತಿಳಿಯದವರು ತಲೆ ತಗ್ಗಿಸುತ್ತಾರೆ. ನಮ್ಮ ರಾಜ್ಯದ ಎಲ್ಲ ಬಗೆಯ ಗ್ರಂಥಾಲಯಗಳಿಗೂ, ಖಾಸಗಿ ಕಾಲೇಜಿನಿಂದ ಅರಿವು ಕೇಂದ್ರದವರೆಗೆ, ಇಂಥ ನಿಯಮ ಒಂದೇ ರೀತಿ, ಬರಹದಲ್ಲಿ, ಅನ್ವಯವಾಗಬೇಕು. ಒಬ್ಬ ಗ್ರಂಥಪಾಲಕ ಇದನ್ನು ಕೇಳಿದರೆ ತನ್ನ ತಪ್ಪು ಮುಚ್ಚಿಕೊಳ್ಳಲು ಕೇಳುತ್ತಿದ್ದಾನೆ ಎನ್ನುತ್ತಾರೆ. ಸಂಘ ಕೇಳಿದರೆ ಅದು ನೀತಿಯ ಪ್ರಶ್ನೆಯಾಗುತ್ತದೆ.

ಇಂಥದೇ ಇನ್ನೊಂದು ಸಂದರ್ಭವಿದೆ. ಯಾರೋ ಬಂದು ಈ ಪುಸ್ತಕ ನಿಮ್ಮಲ್ಲಿ ಇರಕೂಡದು, ಆ ಪತ್ರಿಕೆ ತರಿಸಕೂಡದು ಎಂದು ಒತ್ತಾಯ ಮಾಡಿದಾಗ ಒಬ್ಬರೇ ಇರುವ ಗ್ರಂಥಪಾಲಕರು ಏನು ಮಾಡಬೇಕು? ಅಮೆರಿಕದ ಗ್ರಂಥಾಲಯ ಸಂಘ 1876ರಲ್ಲಿ ಹುಟ್ಟಿತು. ಅದು 1939ರಲ್ಲೇ ಗ್ರಂಥಾಲಯ ಹಕ್ಕುಗಳ ಘೋಷಣೆಯೊಂದನ್ನು ಅಂಗೀಕರಿಸಿತು. ಒತ್ತಡ ಬಂದಾಗ ಅಲ್ಲಿನ ಗ್ರಂಥಪಾಲಕರು ಅದನ್ನು ತೋರಿಸಿ, ಇದು ನನ್ನ ಖಾಸಗಿ ಅಭಿಪ್ರಾಯವಲ್ಲ, ನನ್ನ ವೃತ್ತಿಯ ನಿಲುವು ಎನ್ನಬಹುದು. ಪುಸ್ತಕ ಆಯ್ಕೆಯ ಲಿಖಿತ ನೀತಿ, ಆಕ್ಷೇಪಣೆ ಬಂದರೆ ಅನುಸರಿಸಬೇಕಾದ ಕ್ರಮ, ಇವೆರಡನ್ನು ನಮ್ಮ ಸಂಘವೂ ಕನ್ನಡದಲ್ಲಿ ಬರೆದುಕೊಡಬೇಕು. ಆಗ ಹಳ್ಳಿಯ ಮೇಲ್ವಿಚಾರಕರೂ ನಿರ್ಭಯವಾಗಿ ಉತ್ತರ ಕೊಡಬಲ್ಲರು.

ವೈದ್ಯರಿಗೆ, ವಕೀಲರಿಗೆ ಇರುವಂಥ ಶಾಸನಬದ್ಧ ಪರಿಷತ್ತು ಭಾರತದಲ್ಲಿ ಗ್ರಂಥಪಾಲಕರಿಗಿಲ್ಲ. ಬ್ರಿಟನ್ನಿನಲ್ಲಿ 1877ರಲ್ಲಿ ಹುಟ್ಟಿದ ಗ್ರಂಥಾಲಯ ಸಂಘಕ್ಕೆ 1898ರಲ್ಲೇ ರಾಜಸನ್ನದು ಸಿಕ್ಕಿ, ವೃತ್ತಿಯ ಅರ್ಹತೆಯನ್ನು ಗುರುತಿಸುವ ಅಧಿಕಾರ ಬಂತು. ನಮ್ಮಲ್ಲಿ ಗ್ರಂಥಪಾಲಕರ ಹುದ್ದೆ ಖಾಲಿಯಾದರೆ ಯಾವುದೋ ವಿಷಯದ ಉಪನ್ಯಾಸಕರಿಗೆ ಹೆಚ್ಚುವರಿ ಪ್ರಭಾರ ವಹಿಸಿ ವರ್ಷಗಟ್ಟಲೆ ಹಾಗೇ ಬಿಡುತ್ತಾರೆ. ಶಾಲೆಗಳಲ್ಲಂತೂ ಹುದ್ದೆಯೇ ಅಪರೂಪ. 1957ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ರಂಗನಾಥನ್ ಅಧ್ಯಕ್ಷತೆಯಲ್ಲಿ ಗ್ರಂಥಾಲಯ ಸಮಿತಿ ನೇಮಿಸಿತು. ಗ್ರಂಥಪಾಲಕರಿಗೆ ಅಧ್ಯಾಪಕರ ಸಮಾನ ಸ್ಥಾನಮಾನ ಕೊಡಬೇಕೆಂದು ಆ ಸಮಿತಿ ಹೇಳಿತು. ಇಂದು ಕಾಲೇಜು ಗ್ರಂಥಪಾಲಕರು ಅನುಭವಿಸುತ್ತಿರುವ ಸ್ಥಾನದ ಹಿಂದೆ ಆ ಮಾತಿನ ಬಲವಿದೆ. ಅದನ್ನು ಉಳಿಸಿಕೊಳ್ಳಲು, ಶಾಲೆ ಮತ್ತು ಹಳ್ಳಿಗೂ ವಿಸ್ತರಿಸಲು, ಈಗ ಯಾರಾದರೂ ಕೇಳಲೇಬೇಕು.

ನಿಮ್ಮ ಆಕ್ಷೇಪಗಳು ನನಗೆ ಗೊತ್ತಿವೆ. ಸಂಘವೆಂದರೆ ಹಾರ, ಶಾಲು, ಫೋಟೊ. ಸಮ್ಮೇಳನಗಳಲ್ಲಿ ಒಂದೇ ಬಗೆಯ ಇಂಗ್ಲಿಷ್ ಪ್ರಬಂಧಗಳು, ಬಡ್ತಿಯ ಅಂಕಕ್ಕಾಗಿ ಬಂದು ಪ್ರಮಾಣಪತ್ರ ತೆಗೆದುಕೊಂಡು ಮಧ್ಯಾಹ್ನವೇ ಹೊರಡುವ ಜನ. ಪದಾಧಿಕಾರಿಗಳು ಬದಲಾಗುವುದಿಲ್ಲ, ಲೆಕ್ಕಪತ್ರ ಕಾಣುವುದಿಲ್ಲ, ಹಳ್ಳಿಯವರನ್ನು ಕೇಳುವವರಿಲ್ಲ. ಈ ದೂರುಗಳಲ್ಲಿ ನಿಜವಿದೆ. ಆದರೆ ಇವು ಸಂಘ ಬೇಡ ಎನ್ನಲು ಕಾರಣಗಳಲ್ಲ, ಒಳಗೆ ಹೋಗಿ ಸಂಘವನ್ನು ಸರಿಮಾಡಲು ಕಾರಣಗಳು. ದುಡಿಯುವವರು ಹೊರಗೇ ಉಳಿದರೆ ಶಾಲಿನ ಆಸೆಯವರಷ್ಟೇ ಒಳಗಿರುತ್ತಾರೆ.

ಆದ್ದರಿಂದ ಕೆಲವು ಮಾತುಗಳನ್ನು ನೇರವಾಗಿ ಕೇಳಿಕೊಳ್ಳುತ್ತೇನೆ.

ಹಿರಿಯರೇ, ಸಂಘಗಳ ಪದಾಧಿಕಾರಿಗಳೇ, ಅರಿವು ಕೇಂದ್ರದ ಮೇಲ್ವಿಚಾರಕರಿಗೆ ಸದಸ್ಯತ್ವದ ಬಾಗಿಲನ್ನು ಅಗಲವಾಗಿ ತೆರೆಯಿರಿ. ಅವರ ವರಮಾನಕ್ಕೆ ತಕ್ಕಂತೆ ಶುಲ್ಕ ಇಡಿ. ಪದವಿ ಇಲ್ಲವೆಂದು ಅವರನ್ನು ಕೆಳಗೆ ಕೂರಿಸಬೇಡಿ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ, 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಹಳ್ಳಿ ಮಕ್ಕಳನ್ನು ಪುಸ್ತಕದ ಹತ್ತಿರ ಕರೆತಂದವರು ಅವರು. ಮಕ್ಕಳ ಓದಿನ ಬಗ್ಗೆ ಅವರಿಂದ ನಾವು ಕಲಿಯುವುದು ಬಹಳವಿದೆ. ಸಭೆಗಳು ಕನ್ನಡದಲ್ಲಿ ನಡೆಯಲಿ, ಲೆಕ್ಕಪತ್ರ ಪ್ರತಿ ವರ್ಷ ಎಲ್ಲ ಸದಸ್ಯರ ಕೈಗೆ ಸಿಗಲಿ, ಒಬ್ಬರೇ ಎರಡು ಅವಧಿಗಿಂತ ಹೆಚ್ಚು ಕಾಲ ಒಂದೇ ಸ್ಥಾನದಲ್ಲಿ ಇರುವುದು ಬೇಡ.

ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಗ್ರಂಥಪಾಲಕರೇ, ನಿಮ್ಮ ತಾಲೂಕಿನ ಪಂಚಾಯಿತಿ ಗ್ರಂಥಾಲಯಗಳಿಗೆ ಒಮ್ಮೆ ಹೋಗಿಬನ್ನಿ. ಪುಸ್ತಕ ವಿಂಗಡಣೆ, ಅಕ್ಸೆಷನ್ ರಿಜಿಸ್ಟರ್, ಈ-ಗ್ರಂಥಾಲಯ ಅಥವಾ ಕೋಹಾ ತಂತ್ರಾಂಶದ ಬಳಕೆ, ಹರಿದ ಪುಸ್ತಕದ ಬೈಂಡಿಂಗ್, ನಿಮಗೆ ಬರುವ ಯಾವುದನ್ನಾದರೂ ಕಲಿಸಿ. ಮೂರು ತಿಂಗಳಿಗೊಮ್ಮೆ ಜಿಲ್ಲೆಯ ಯಾವುದಾದರೊಂದು ಗ್ರಂಥಾಲಯದಲ್ಲೇ ಸೇರಿ, ಅಲ್ಲಿನ ಒಂದು ಸಮಸ್ಯೆಯನ್ನು ಎಲ್ಲರೂ ಕೂಡಿ ಬಗೆಹರಿಸಿ ಬನ್ನಿ. ಅದಕ್ಕೆ ಹೋಟೆಲಿನ ಸಭಾಂಗಣ ಬೇಡ, ಬ್ಯಾನರ್ ಬೇಡ.

ಈಗಷ್ಟೇ ಓದು ಮುಗಿಸಿ ವೃತ್ತಿಗೆ ಬಂದಿರುವ ತಂಗಿ ತಮ್ಮಂದಿರೇ, ನಿಮಗೆ ಕೆಲಸ ಸಿಗುವುದೇ ಕಷ್ಟ, ಸಿಕ್ಕರೂ ಗುತ್ತಿಗೆಯ ಮೇಲೆ ಎಂಬುದನ್ನು ಬಲ್ಲೆ. ಅದಕ್ಕಾಗಿಯೇ ನೀವು ಸಂಘಕ್ಕೆ ಬರಬೇಕು. ಹುದ್ದೆ ತುಂಬಿ ಎಂದು ಒಬ್ಬ ಅಭ್ಯರ್ಥಿ ಕೇಳಿದರೆ ಅರ್ಜಿಯಾಗುತ್ತದೆ, ಒಂದು ವೃತ್ತಿಯೇ ಕೇಳಿದರೆ ಸರ್ಕಾರ ಉತ್ತರ ಕೊಡಬೇಕಾಗುತ್ತದೆ.

ರಂಗನಾಥನ್ ಹುಟ್ಟಿದ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ಪ್ರತಿ ವರ್ಷ ಆಚರಿಸುತ್ತೇವೆ. ಅವರ ಫೋಟೊಗೆ ಹೂವು ಹಾಕುತ್ತೇವೆ, ಅದು ಸರಿಯೇ. ಈ ಬಾರಿ ಆ ದಿನದೊಳಗೆ ಇನ್ನೊಂದು ಕೆಲಸವನ್ನೂ ಮಾಡೋಣ. ಸಂಘದ ಸದಸ್ಯರಲ್ಲದವರು ಸದಸ್ಯರಾಗಿ. ಸದಸ್ಯರಾದವರು ನಿಮ್ಮ ಊರಿನ ಇನ್ನೊಬ್ಬ ಗ್ರಂಥಪಾಲಕರನ್ನು, ಅದರಲ್ಲೂ ಪಂಚಾಯಿತಿ ಗ್ರಂಥಾಲಯದವರನ್ನು, ಜೊತೆಗೆ ಕರೆದುಕೊಂಡು ಬನ್ನಿ. ನಿಮ್ಮ ಜಿಲ್ಲೆಯಲ್ಲಿ ಶಾಖೆ ಇಲ್ಲದಿದ್ದರೆ ನೀವೇ ಆರಂಭಿಸಿ.

ನಿಮ್ಮ ವೃತ್ತಿಬಂಧು,
ಒಬ್ಬ ನಿವೃತ್ತ ಗ್ರಂಥಪಾಲಕ